ವರ್ಷಕ್ಕೆ ಚಡ್ಡಿ ಎರಡು, ಕಾಲು ಒಂದು

ಫ್ರಾನ್ಸಿನವರ ಸಮಾಧಾನ ಮೆಚ್ಚಬೇಕು. ಗುಲಾಮರನ್ನು ಹೇಗೆ ಸಾಕಬೇಕು, ಹೇಗೆ ಬಡಿಯಬೇಕು ಅಂತ 1685ರಲ್ಲಿ ದೊರೆ ಹದಿನಾಲ್ಕನೇ ಲೂಯಿ ಹೊರಡಿಸಿದ ‘ಕೋಡ್ ನ್ವಾರ್’ ಅನ್ನೋ ಕಾನೂನು ಕಡತದಲ್ಲಿ ರದ್ದೇ ಆಗಿಲ್ಲ ಅನ್ನೋದು 2025ರ ಮೇನಲ್ಲಿ ಸಂಸತ್ತಿನಲ್ಲಿ ಎದ್ದ ಮಾತು. ರದ್ದು ಮಾಡೋಣ ಅಂದರು ಆಗಿನ ಪ್ರಧಾನಿ ಬೈರೂ. ಸೆಪ್ಟೆಂಬರಿನಲ್ಲಿ ಅವರೇ ರದ್ದಾದರು.

ಅದರ 38ನೇ ಕಲಮು ಸ್ವಾರಸ್ಯವಾಗಿದೆ. ಓಡಿಹೋಗಿ ತಿಂಗಳಾದ ಗುಲಾಮನಿಗೆ ಕಿವಿ ಕತ್ತರಿಸಿ ಹೆಗಲಿಗೆ ಬರೆ. ಎರಡನೇ ಸಲ ಮಂಡಿಯ ಹಿಂದಿನ ನರಕ್ಕೆ ಕತ್ತಿ. ಮೂರನೇ ಸಲ ಸಾವು.

ಈಗ ಫ್ರೆಂಚ್ ಲೇಖಕ ವಾಲ್ಟೇರನ ಕತೆ ‘ಕ್ಯಾಂಡೀಡ್’ (1759) ತೆಗೆಯಿರಿ. ದಾರಿಯಲ್ಲಿ ಕರಿಯ ಗುಲಾಮನೊಬ್ಬ ಬಿದ್ದಿದ್ದಾನೆ. ಎಡಗಾಲಿಲ್ಲ, ಬಲಗೈ ಇಲ್ಲ, ಮೈಮೇಲೆ ಅರ್ಧ ನೀಲಿ ಚಡ್ಡಿ. ವರ್ಷಕ್ಕೆರಡು ಸಲ ಚಡ್ಡಿ ಕೊಡ್ತಾರಂತೆ. ಗಾಣಕ್ಕೆ ಬೆರಳು ಸಿಕ್ಕಿದರೆ ಕೈ ಕಡೀತಾರೆ, ಓಡಿದರೆ ಕಾಲು. ನೀವು ಸಕ್ಕರೆ ತಿನ್ನೋದು ಈ ಬೆಲೆಗೆ ಅನ್ನುತ್ತಾನೆ. ಗಂಟಲು ಕಟ್ಟುತ್ತದೆ. ಕಣ್ಣೊರೆಸಿಕೊಂಡು ಇದು ಯಾವೂರಪ್ಪಾ ಅಂತ ನೋಡಿದರೆ ಸುರಿನಾಮ್, ಡಚ್ಚರದ್ದು! ಫ್ರೆಂಚರದೇ ಸ್ಯಾನ್ ಡೊಮಿಂಗ್, ಅಂದರೆ ಈಗಿನ ಹೈಟಿ, ಹಡಗುಗಟ್ಟಲೆ ಸಕ್ಕರೆ ಕಳಿಸುತ್ತಿದ್ದ ಕಾಲವದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನೋದು ನಮ್ಮಲ್ಲಿ ಬರೀ ಗಾದೆ.

ಗ್ರಾಫಿನಿ ಎಂಬ ಫ್ರೆಂಚ್ ಲೇಖಕಿಯ ಕಾದಂಬರಿಯಲ್ಲಿ (1747) ಪೆರುವಿನ ಇಂಕಾ ಕನ್ಯೆ ಝಿಲಿಯಾಳನ್ನು ಹೊತ್ತೊಯ್ಯುವ ದುಷ್ಟರು ಸ್ಪ್ಯಾನಿಷರು. ಬಿಡಿಸುವ ಸಭ್ಯ ಯಾರು? ಸರಿಯಾಗಿ ಊಹಿಸಿದಿರಿ. 16ನೇ ಶತಮಾನದಲ್ಲಿ ಬಿದ್ದ ಸಾಮ್ರಾಜ್ಯದಿಂದ ಹೊರಟವಳು ಇಳಿದದ್ದು 18ನೇ ಶತಮಾನದ ಪ್ಯಾರಿಸಿಗೆ. ನಮ್ಮ ಕೆಂಪು ಬಸ್ಸೂ ಇಷ್ಟು ತಡ ಮಾಡಲ್ಲ. ಕೊನೆಗೆ ಆ ಸಭ್ಯನನ್ನು ಮದುವೆಯಾಗಲು ಅವಳು ಒಲ್ಲೆ ಅನ್ನುತ್ತಾಳೆ, ಶಹಬ್ಬಾಸ್.

ವಾಲ್ಟೇರನ ಇನ್ನೊಂದು ಕತೆ, 1767ರದ್ದು. ಕೆನಡಾದಿಂದ ಫ್ರಾನ್ಸಿಗೆ ಹುರಾನ್ ಬುಡಕಟ್ಟಿನ ‘ಕಾಡು’ ಹುಡುಗ ಬರುತ್ತಾನೆ. ಹುರಾನನಿಗೆ ಎಷ್ಟು ಚೆಂದದ ಚರ್ಮ ಅಂತ ಪಾದ್ರಿಯ ತಂಗಿ ಬೆರಗಾಗುತ್ತಾಳೆ. ಚೆಂದ ಇರದೇ ಏನು? ಅವನು ಅವಳ ಇನ್ನೊಬ್ಬ ಸೋದರನ ಮಗನೇ! ಅಪ್ಪಟ ಫ್ರೆಂಚ್ ರಕ್ತ. ‘ಗೋಧಿ ಮೈಬಣ್ಣ’ದ ವಧು ಹುಡುಕುವ ನಮಗೆ ನಗುವ ಹಕ್ಕಿಲ್ಲ, ಬಿಡಿ.

ಕತೆಗಾರರೇ ವಾಸಿ. 1797ರಲ್ಲಿ ಮೊರೋ ದ ಸ್ಯಾಂ-ಮೆರಿ ಅನ್ನುವ ವಕೀಲ ಮನುಷ್ಯನ ರಕ್ತವನ್ನು 128 ಪಾಲು ಮಾಡಿ ಪಟ್ಟಿ ಹಾಕಿದ. ಅದರಲ್ಲಿ 127 ಪಾಲು ಬಿಳಿಯಿದ್ದರೂ ನೀನು ಬಿಳಿಯನಲ್ಲ. ಅಕ್ಕಸಾಲಿಯೂ ಚಿನ್ನವನ್ನು ಇಷ್ಟು ಉಜ್ಜಿ ನೋಡಲ್ಲ.

ತಮಾಷೆ ಸಾಕು. ಹೈಟಿಯ ಗುಲಾಮರು ಬಡಿದಾಡಿ 1804ರಲ್ಲಿ ಸ್ವತಂತ್ರರಾದರು. 1825ರಲ್ಲಿ ಫ್ರಾನ್ಸು ಬಂದರಿಗೆ ಯುದ್ಧನೌಕೆ ತಂದು ನಿಲ್ಲಿಸಿ 15 ಕೋಟಿ ಫ್ರಾಂಕ್ ಪರಿಹಾರ ಕೇಳಿತು. ಕೈಕಾಲು ಕಳಕೊಂಡವರಿಗಲ್ಲ, ತೋಟ ಕಳಕೊಂಡ ಧಣಿಗಳಿಗೆ. ಮೊದಲ ಕಂತಿಗೇ ಹೈಟಿ ಸಾಲ ಮಾಡಿತು. ಸಾಲ ಕೊಟ್ಟದ್ದೂ ಪ್ಯಾರಿಸಿನವರೇ, ಬಡ್ಡಿಗೆ.