ನೆಲಕ್ಕೆ ಮಲಗಿದರೆ ಮಾತ್ರ ಕಾಣುವ ಚಿತ್ರ

ಕಳೆದ ಶನಿವಾರ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನ ಯೂಎಲ್ಮ್ ಹಳ್ಳಿಯ ಸೇಂಟ್ ಮೇರಿ ಚರ್ಚಿನಲ್ಲಿ ನೆಲದ ಮೇಲೆ ಮಲಗಿದ್ದೆ. ಅಮ್ಮನಿಗೆ ಗಾಬರಿ. "ಏನಾಯ್ತೋ, ತಲೆ ಸುತ್ತು ಬಂತಾ?"

"ಇಲ್ಲಮ್ಮ, ಒಳಗೆ ಮೇಲ್ಗಡೆ ಚಿತ್ರ ಇದೆ. ಹೀಗೆ ಮಲಗಿದ್ರೇನೇ ಕಾಣೋದು."

ಅದು ಆಲಿಸ್ ಚಾಸರ್ ಸಮಾಧಿ. ಕವಿ ಜೆಫ್ರಿ ಚಾಸರ್‌ನ ಮೊಮ್ಮಗಳು, ಸಫೋಕ್‌ನ ಡಚೆಸ್, ಅಂದರೆ ಡ್ಯೂಕ್ ಎಂಬ ದೊಡ್ಡ ಸಾಮಂತನ ಹೆಂಡತಿ. ಮೂರು ಸಲ ಮದುವೆಯಾಗಿ ಮೂರು ಸಲವೂ ವಿಧವೆಯಾದವಳು. ಮೂರನೇ ಗಂಡ ವಿಲಿಯಂ ಡಿ ಲಾ ಪೋಲ್‌ನನ್ನು 1450ರಲ್ಲಿ ದೇಶಬಿಟ್ಟು ಹೋಗುವಾಗ ಸಮುದ್ರದಲ್ಲೇ ಹಿಡಿದು ತಲೆ ಕಡಿದರು. ಆಲಿಸ್ ತೀರಿಕೊಂಡಿದ್ದು 1475ರಲ್ಲಿ.

ಸಮಾಧಿ ಅಲಬಾಸ್ಟರ್ ಎಂಬ ಮೆದು ಬಿಳಿ ಕಲ್ಲಿನದು. ಮೇಲೆ ಕಲ್ಲಿನ ಆಲಿಸ್ ಕೈಮುಗಿದು ಮಲಗಿದ್ದಾಳೆ. ತಲೆಗೆ ಕಿರೀಟ, ಎಡಗೈಗೆ ಗಾರ್ಟರ್ ಎಂಬ ದೊಡ್ಡ ರಾಜಗೌರವದ ಪಟ್ಟಿ. ಅದರ ಕೆಳಗೆ ಗುರಾಣಿ ಹಿಡಿದ ದೇವದೂತರ ಸಾಲು. ಇನ್ನೂ ಕೆಳಗೆ, ನೆಲದ ಮಟ್ಟದಲ್ಲಿ, ಕಲ್ಲಿನ ಜಾಲರಿಯ ಹಿಂದೆ ಇನ್ನೊಬ್ಬ ಆಲಿಸ್. ಇವಳು ಕಲ್ಲಲ್ಲಿ ಕೆತ್ತಿದ ಹೆಣ. ಮೈಮೇಲೆ ಶವದ ಬಟ್ಟೆ, ಎಲುಬಿಗೆ ಅಂಟಿದ ಚರ್ಮ. ಆ ಹೆಣದ ಮೇಲ್ಗಡೆ, ಕಲ್ಲಿನ ಒಳಮೈಗೆ, ದೇವದೂತ ಗೇಬ್ರಿಯಲ್ ಬಂದು ಯೇಸುವಿನ ತಾಯಿ ಮೇರಿಗೆ ನೀನು ತಾಯಿಯಾಗ್ತೀಯ ಎಂದು ಹೇಳುವ ಚಿತ್ರ ಬರೆದಿದ್ದಾರೆ. ನಿಂತವರಿಗೆ ಅದು ಕಾಣುವುದೇ ಇಲ್ಲ. ಬಣ್ಣ ಮಾಡಿದವನಿಗೂ ಇದು ಗೊತ್ತಿತ್ತು. ಅದು ನಮಗೆ ಬರೆದದ್ದಲ್ಲ, ಅವಳಿಗೆ.

ಇದನ್ನು ಭಯಂಕರ ಎನ್ನುವವರು ಜಾಸ್ತಿ. ನನಗಂತೂ ಹಾಗನ್ನಿಸಲಿಲ್ಲ. ಡಚೆಸ್ ಆಗಿದ್ದವಳು ತನ್ನ ಮೈ ಕೊನೆಗೆ ಏನಾಗುತ್ತದೆ ಎಂದು ಊರವರ ಮುಂದೆ ತೋರಿಸಿಕೊಂಡಿದ್ದಾಳೆ. ಅದಕ್ಕೆ ಎಂಥ ಧೈರ್ಯ ಬೇಕು, ಅಲ್ವಾ?

ಆದರೆ ಸಮಾಧಿ ನೋಡಿ, ಫೋಟೊ ತೆಗೆದು, ಹೊರಟುಬಿಡುವುದು ಮಾತ್ರ ನನಗೆ ಸರಿ ಕಾಣುವುದಿಲ್ಲ. ಚರ್ಚಿನ ಪಶ್ಚಿಮದ ಬಾಗಿಲಿನಿಂದ ಮೆಟ್ಟಿಲಿಳಿದರೆ ನೇರ ಬಡವರ ಮನೆಗಳ ಅಂಗಳಕ್ಕೇ ಬರುತ್ತೀರಿ. ನಡುವೆ ಬಾವಿ, ಸುತ್ತ ಇಟ್ಟಿಗೆ, ಮರದ ಸಾಲುಮನೆಗಳು. 1437ರಲ್ಲಿ ಆಲಿಸ್ ಮತ್ತು ವಿಲಿಯಂ 13 ಬಡವರಿಗಾಗಿ ಇದನ್ನು ಶುರುಮಾಡಿದರು. ಅಲ್ಲಿದ್ದವರು ದಿನವೂ ಚರ್ಚಿಗೆ ಬಂದು ಇವರಿಬ್ಬರ ಆತ್ಮಕ್ಕಾಗಿ ಪ್ರಾರ್ಥಿಸಬೇಕಿತ್ತು. ಸತ್ತ ಮೇಲೆ ಆತ್ಮ ನರಳುವ ಕಾಲ ಈ ಪ್ರಾರ್ಥನೆಯಿಂದ ಕಡಿಮೆಯಾಗುತ್ತದೆ ಎಂಬ ನಂಬಿಕೆ. ಕೆಳಗಿನ ಆ ಹೆಣ ಕೇಳುತ್ತಿರುವುದೂ ಅದನ್ನೇ. ಸಮಾಧಿ, ಮನೆಗಳು, ಪಕ್ಕದ ಶಾಲೆ ಎಲ್ಲವೂ ಒಂದೇ ಕೆಲಸದ ಭಾಗ. ಬಿಡಿಸಿ ನೋಡಿದರೆ ಅರ್ಧವೂ ಅರ್ಥವಾಗುವುದಿಲ್ಲ.

ಮುಂದೆ ಇಂಗ್ಲೆಂಡಿನಲ್ಲಿ ಸತ್ತವರಿಗಾಗಿ ಪ್ರಾರ್ಥಿಸುವ ಪದ್ಧತಿಯೇ ಹೋಯಿತು. ಮನೆಗಳು ಮಾತ್ರ ಉಳಿದವು. ಇವತ್ತಿಗೂ ಅಲ್ಲಿ ಜನ ಇದ್ದಾರೆ. ಶಾಲೆಗೆ ಮಕ್ಕಳು ಬರುತ್ತಾರೆ. ಅಮ್ಮ ಒಂದು ಬಾಗಿಲ ಪಕ್ಕದ ಹೂಕುಂಡ ನೋಡಿ, "ಆಗಲೇ ನೀರು ಹಾಕಿದ್ದಾರೆ ನೋಡು" ಎಂದರು. ಮಣ್ಣು ಇನ್ನೂ ಹಸಿಯಾಗಿತ್ತು.

ಹೋಗುವವರು ಮೊಬೈಲ್ ಟಾರ್ಚ್ ಹಿಡಿದು ನೆಲಕ್ಕೆ ಮಲಗಿಯೇ ನೋಡಿ. ಸಂಕೋಚ ಬೇಡ.