ಮಂಚ ಹತ್ತಲು ಏಣಿ, ಮರ ಕಡಿಯಲು ಅರ್ಜಿ

ಮಡಿಕೇರಿಯಲ್ಲಿ ಈಗ ಮಲಗಲು ಏಣಿ ಬೇಕು. ಹೊಸ ಫ್ಲ್ಯಾಟುಗಳಿಗೆ ಲಾಫ್ಟ್ ಬೆಡ್ ಬಂದಿದೆ. ನಾಲ್ಕು ಕಂಬ, ತಲೆಗಿಂತ ಎತ್ತರದಲ್ಲಿ ಹಾಸಿಗೆ, ಕೆಳಗೆ ಮೇಜು, ಬೀರು, ಮಗನ ಸೈಕಲ್. ಮುಂಬೈಯವರು ಹೀಗೆ ಮಲಗಲಿ ಬಿಡಿ, ಅಲ್ಲಿ ಜಾಗವಿಲ್ಲ. ಇದು 4,102 ಚದರ ಕಿಲೋಮೀಟರಿನ ಕೊಡಗು. ಕೊಡವರ ಪೂರ್ವಿಕರ ಮನೆಯಾದ ಐನ್‌ಮನೆಯಲ್ಲಿ ಇಡೀ ಒಕ್ಕವೇ, ಅಂದರೆ ಕುಲದವರೆಲ್ಲ, ಸೇರಿದರೂ ಕಾಲು ಚಾಚಲು ಜಾಗ ಉಳಿಯುತ್ತಿದ್ದ ನಾಡು.

ನಮ್ಮ ಭಾವನವರಿಗೆ ಸಿದ್ದಾಪುರದ ಕಡೆ ತೋಟ ಇದೆ. ಮಗನ ಸ್ಕೂಲಿಗೆಂದು ಮಡಿಕೇರಿಯಲ್ಲಿ ಒಂದು ಬೆಡ್‌ರೂಮಿನ ಫ್ಲ್ಯಾಟ್ ತಗೊಂಡರು. 2018ರ ಆಗಸ್ಟಿನಲ್ಲಿ ಗುಡ್ಡ ಜರಿದದ್ದನ್ನು ಊರೆಲ್ಲ ನೋಡಿದೆ. ಆದರೂ ಇಳಿಜಾರು ಅಗೆದು ಕಟ್ಟಿದ ಕಟ್ಟಡ, ಹೆಸರು ಮಾತ್ರ ‘ವ್ಯೂ’. ರೂಮಿನಲ್ಲಿ ಮಂಚ ಹಾಕಿದರೆ ಬಾಗಿಲು ತೆರೆಯುವುದಿಲ್ಲ, ಬಾಗಿಲು ತೆರೆದರೆ ಮಂಚ ಹಿಡಿಯುವುದಿಲ್ಲ. ಜಾಗ ಉಳಿಸಿಕೊಂಡಿದ್ದು ಬಿಲ್ಡರ್. ಅದಕ್ಕೆ ಇನ್ನೊಂದು ಸಲ ದುಡ್ಡು ಸುರಿದಿದ್ದು ಭಾವ.

ಆಚಾರಿಯನ್ನು ಕರೆಸಿದರು. “ಆಚಾರ್ರೇ, ಮರದ ಚಿಂತೆ ಬೇಡ. ತೋಟದಲ್ಲಿ ಬೀಟೆ ಇದೆ.”

ಆಚಾರಿ ಟೇಪು ಕೆಳಗಿಟ್ಟರು. “ಜಾಗ ರಿಡೀಮ್ಡಾ, ಅನ್‌ರಿಡೀಮ್ಡಾ ಸಾರ್?”

ಕೊಡಗಿನಲ್ಲಿ ಮರ ಕೇಳಿದವರಿಗೆ ಮೊದಲು ಎದುರಾಗುವುದೇ ಈ ಪ್ರಶ್ನೆ. ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿರದ ಜಾಗ ಅನ್‌ರಿಡೀಮ್ಡ್. ಬ್ರಿಟಿಷರ ಕಾಲದ ಲೆಕ್ಕ. ನೆಲ ನಿಮ್ಮದು, ಮರ ಸರ್ಕಾರದ್ದು. ಅಜ್ಜ ಕಾದ, ಅಪ್ಪ ಕಾದ, ನೀವೂ ಕಾಯುತ್ತಾ ಇರಿ. ಬೆಲೆ ಕಟ್ಟಿದ ಜಾಗ ಎಂದರೂ ಬೀಟೆ ಕಡಿಯಲು ಅರ್ಜಿ, ಸಾಗಿಸಲು ಪಾಸು. ಅದೆಲ್ಲ ಕೈಗೆ ಬರುವ ಹೊತ್ತಿಗೆ ಮಗನಿಗೆ ಮದುವೆ ವಯಸ್ಸು. ಆಗ ಡಬಲ್ ಮಂಚವೇ ಮಾಡಿಸಬೇಕು, ಅಲ್ವಾ?

“ಸಿಲ್ವರ್ ಓಕ್ ಆದರೆ ತಂಟೆ ಇಲ್ಲ ಸಾರ್,” ಎಂದರು ಆಚಾರಿ. ನಿಜ. 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್ ಓಕ್‌ಗೆ ವಿನಾಯಿತಿ ಇದೆ. ಕಾಫಿಗೆ ನೆರಳಾಗಲಿ ಎಂದು ತಂದು ನೆಟ್ಟ ಆಸ್ಟ್ರೇಲಿಯಾದ ಮರ ಅದು. ಇಲ್ಲೇ ಹುಟ್ಟಿದ ಬೀಟೆಗೆ ಕಾವಲು, ಹೊರಗಿಂದ ಬಂದದ್ದಕ್ಕೆ ಸ್ವಾತಂತ್ರ್ಯ. ಕಡಿಸಿಕೊಳ್ಳುವ ಸ್ವಾತಂತ್ರ್ಯವೇ ಇರಬಹುದು, ಆದರೂ ಸ್ವಾತಂತ್ರ್ಯ ಸ್ವಾತಂತ್ರ್ಯವೇ.

ಆದರೆ ಭಾವನ ಸಿಲ್ವರ್ ಓಕ್ ಆಗಲೇ ಲಾರಿ ಹತ್ತಿ ಕೇರಳದ ಪೆರುಂಬಾವೂರಿನ ಪ್ಲೈವುಡ್ ಮಿಲ್ಲು ಸೇರಿತ್ತು. ಕೊನೆಗೆ ಕಂಬಕ್ಕೆ ನ್ಯೂಜಿಲೆಂಡ್ ಪೈನ್, ಹಾಸಿಗೆಯ ಕೆಳಗೆ ಪ್ಲೈವುಡ್ ಎಂದಾಯಿತು. ಆ ಪ್ಲೈವುಡ್ಡಿನಲ್ಲಿ ತಮ್ಮ ತೋಟದ ಮರವೂ ಇರಬಹುದು ಎಂದು ಭಾವ ಬೆರಳಲ್ಲಿ ತಟ್ಟಿ ನೋಡುತ್ತಿದ್ದರು, ಗುರುತು ಹಿಡಿಯುವವರ ಹಾಗೆ.

ಅಳತೆ ಇನ್ನೊಂದು ಕಥೆ. ನೆಲದಿಂದ ಸೀಲಿಂಗಿಗೆ 9 ಅಡಿ. ಐದೂವರೆ ಅಡಿಗೆ ಹಲಗೆ, ಅದರ ಮೇಲೆ ಅರ್ಧ ಅಡಿ ಹಾಸಿಗೆ. ಉಳಿದದ್ದು 3 ಅಡಿ. ಮಲಗಬಹುದು, ಬೆನ್ನು ಬಗ್ಗಿಸಿ ಕೂರಬಹುದು, ಬೆಚ್ಚಿಬಿದ್ದು ಏಳುವ ಹಾಗಿಲ್ಲ. ಕೈಗೆ ತಾಗುತ್ತದೆಂದು ಫ್ಯಾನ್ ಬಿಚ್ಚಿಸಿದರು. ಮಡಿಕೇರಿಯ ಚಳಿಗೆ ಯಾರೂ ಅದನ್ನು ಕೇಳಲಿಲ್ಲ.

ಜೂನ್ ಬಂತು. ಪ್ಲೈವುಡ್ಡಿನ ಅಂಚು ಉಬ್ಬಿತು. ಬೀಳದಿರಲಿ ಎಂದು ಹಾಕಿಸಿದ ಕಂಬಿಯ ಮೇಲೆ ಸಾಲಾಗಿ ಸಾಕ್ಸು, ಯೂನಿಫಾರ್ಮು, ಎರಡು ದಿನದಿಂದ ಒಣಗದ ಟವೆಲ್ಲು. ಇದೇ ಮಂಚವನ್ನು ಹೋಮ್‌ಸ್ಟೇಯಲ್ಲಿ ಹಾಕಿ ‘ಟ್ರೀ ಹೌಸ್ ಫೀಲ್’ ಎಂದು ಬರೆದರೆ ಪ್ರವಾಸಿಗರು ಜಾಸ್ತಿ ದುಡ್ಡು ಕೊಟ್ಟು ಮಲಗುತ್ತಾರೆ. ಸಾಕ್ಸು ಮಾತ್ರ ತೆಗೆಯಬೇಕು.

ಮಗ ಒಂದು ವಾರ ಮೇಲೆ ಮಲಗಿದ. ಆಮೇಲೆ ರಾತ್ರಿ ಬಾತ್‌ರೂಮಿಗೆ ಇಳಿಯಲು ಬೇಜಾರು ಎಂದು ಕೆಳಗೆ ಮೇಜು ಸರಿಸಿ ಚಾಪೆ ಹಾಸಿಕೊಂಡ. ಖಾಲಿ ಬಿಡುವುದೇಕೆ ಎಂದು ಭಾವ ತೋಟದಿಂದ ಎರಡು ಮೂಟೆ ಕಾಳುಮೆಣಸು ತಂದು ಮೇಲೆ ಏರಿಸಿದ್ದಾರೆ. ರೇಟು ಬರಲಿ ಅಂತ ಕಾಯುತ್ತಿದ್ದಾರೆ. ಮೊನ್ನೆ ಆಚಾರಿಗೆ ಮತ್ತೆ ಫೋನ್ ಹೋಗಿದೆ. ಮಂಚಕ್ಕೆ ಬಾಗಿಲು, ಬೀಗ ಬೇಕಂತೆ.