ಸತ್ಯಾಂಶ: ವಿಶೇಷ ಅವಕಾಶದಲ್ಲಿ ಸೀಟು ಸಿಕ್ಕವರು ಕಳಪೆ ಡಾಕ್ಟರ್ ಆಗ್ತಾರಾ?

"ಅವಕಾಶ ಕಡಿಮೆ ಇರುವ ಸಮುದಾಯದ ಮಕ್ಕಳಿಗೆ ವಿಶೇಷ ಅವಕಾಶ ಕೊಟ್ಟು ಡಾಕ್ಟರ್ ಮಾಡಿದರೆ ರೋಗಿಗಳಿಗೇ ಅಪಾಯ." ಈ ಫಾರ್ವರ್ಡ್ ನಿಮಗೂ ಬಂದಿರಬಹುದು. ಇದು ನಿಜವಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಮೆಡಿಕಲ್ ಕಾಲೇಜಿನಲ್ಲಿ ಇದನ್ನು 20 ವರ್ಷಗಳ ದಾಖಲೆ ಹಿಡಿದು ನೋಡಿದ್ದಾರೆ. ಅಧ್ಯಯನ ಪ್ರಕಟವಾದದ್ದು 1997ರಲ್ಲಿ. ವಿಶೇಷ ಪರಿಗಣನೆಯಲ್ಲಿ ಸೇರಿದವರಲ್ಲಿ ಶೇ. 94 ಮಂದಿ ಪದವಿ ಮುಗಿಸಿದರು, ಉಳಿದವರಲ್ಲಿ ಶೇ. 98. ಹೌದು, ಓದುವಾಗಿನ ಪರೀಕ್ಷೆಗಳಲ್ಲಿ ವಿಶೇಷ ಪರಿಗಣನೆಯಲ್ಲಿ ಸೇರಿದವರ ಅಂಕ ಕಡಿಮೆಯಿತ್ತು. ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಮುಂದೆ ಆಸ್ಪತ್ರೆಯಲ್ಲಿ ತರಬೇತಿ ಪಡೆಯುವಾಗ, ಮೇಲಿನ ವೈದ್ಯರು ಕೊಟ್ಟ ಮೌಲ್ಯಮಾಪನದಲ್ಲಿ ಎರಡೂ ಗುಂಪು ಸರಿಸಮ. ರೋಗಿಗೆ ಬೇಕಾದದ್ದು ಅದೇ ಅಲ್ವಾ?

ಅಲ್ಲಿ ವೈದ್ಯರ ಲೈಸೆನ್ಸ್ ಪರೀಕ್ಷೆಯೂ ಎಲ್ಲರಿಗೂ ಒಂದೇ. ಪಾಸ್ ಅಂಕದಲ್ಲಿ ಯಾರಿಗೂ ರಿಯಾಯಿತಿ ಇಲ್ಲ.

ಇನ್ನು ನೆರವು ಅಂದರೆ ಸೀಟು ಮಾತ್ರ ಅಲ್ಲ. ಅರ್ಜಿ ಶುಲ್ಕ, ಪರೀಕ್ಷೆಗೆ ತಯಾರಿ, ದಾರಿ ತೋರಿಸುವ ಒಬ್ಬ ಹಿರಿಯ ವೈದ್ಯ ಇವೂ ಬೇಕು. ಮನೆಯಲ್ಲಿ ಡಾಕ್ಟರ್ ಇರುವ ಮಕ್ಕಳಿಗೆ ಇವೆಲ್ಲ ಕೇಳದೆಯೇ ಸಿಗುತ್ತವೆ. ಮೊದಲ ತಲೆಮಾರಿನ ವಿದ್ಯಾರ್ಥಿಗೆ ಯಾವ ವಿಷಯ ಆರಿಸಬೇಕು ಎಂದು ಹೇಳುವವರೂ ಇರುವುದಿಲ್ಲ. ಜಾಣ ಮಕ್ಕಳು ಎಷ್ಟೋ ಸಲ ಅಲ್ಲೇ ನಿಂತುಬಿಡುತ್ತಾರೆ.